ಹಿಪ್ಪರಗಿ ಹಿನ್ನೀರಿಗೆ ಬಂದ ಕಡಲ ಹಕ್ಕಿ

ಜುಲೈ ತಿಂಗಳ ಕೊನೆಯ ಮಂಗಳವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನ ದಂಡೆ. ಇದ್ದವರು ಮೂವರು: ನಾನು, ನನ್ನ ತಮ್ಮ ನೇಮಣ್ಣ, ಮೀನು ಹಿಡಿಯುವ ಅಂಬಿಗರ ಯಮನಪ್ಪ.

ಇದು ಮೂರು ಮಳೆಗಾಲದ ಹಿಂದಿನ ಮಾತು. ಮೊನ್ನೆ ರಬಕವಿಯಿಂದ ಜಮಖಂಡಿಗೆ ಬರುವಾಗ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ಮೀನಿನ ಬುಟ್ಟಿ ಹಿಡಿದು ನನ್ನ ಪಕ್ಕದಲ್ಲಿ ಕೂತಳು. ಬುಟ್ಟಿಯ ಮೇಲೆ ಒದ್ದೆ ಗೋಣಿತಟ್ಟು. ಮೊದಲಾಗಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಈ ಸಲ ಏಳಲಿಲ್ಲ. ಊರು ಬರುವವರೆಗೆ ಆ ವಾಸನೆಯ ಪಕ್ಕದಲ್ಲೇ ಕೂತಿದ್ದೆ. ಮನೆಗೆ ಬಂದು ಕೈಕಾಲು ತೊಳೆದು ಇದನ್ನು ಬರೆಯಲು ಕೂತೆ.

ನಾನು ಮೂವತ್ತನಾಲ್ಕು ವರ್ಷ ಸರಕಾರಿ ನರ್ಸ್. ಬೀಳಗಿ, ಮುಧೋಳ, ಕೊನೆಗೆ ಜಮಖಂಡಿ. ಮದುವೆಯಾಗಲಿಲ್ಲ, ಕಾರಣ ಇಲ್ಲಿ ಬೇಡ. ನಿವೃತ್ತಿಯಾದ ಮೇಲೂ ಬೆಳಗಿನ ನಾಲ್ಕೂವರೆಗೆ ಏಳುವುದು, ಆರಕ್ಕೆ ಬಸದಿ, ಎಂಟಕ್ಕೆ ಉಪಾಹಾರ, ಹೊತ್ತು ಮುಳುಗುವ ಮೊದಲು ಊಟ, ಯಾವುದನ್ನೂ ಬಿಟ್ಟಿಲ್ಲ. ನಮ್ಮದು ಜೈನರ ಮನೆ. ನೀರು ಸೋಸಿ ಕುಡಿಯುವವರು. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸದಲ್ಲಿ, ಸೊಪ್ಪಿನೊಳಗೆ ಹುಳ ಇದ್ದೀತೆಂದು ಸೊಪ್ಪನ್ನೂ ಬಿಡುತ್ತೇವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದೆಲ್ಲ ಇದರ ಒಳಗೇ ನಡೆಯಿತು.

ನೇಮಣ್ಣ ನನಗಿಂತ ಆರು ವರ್ಷ ಸಣ್ಣವ. ಹಿನ್ನೀರಿನ ದಂಡೆಗೆ ಅವನ ಕಬ್ಬಿನ ತೋಟ, ತೋಟದಲ್ಲೇ ಮನೆ. ಬ್ಯಾರೇಜಿನಲ್ಲಿ ನೀರು ನಿಲ್ಲಿಸಿದ ಮೇಲೆ ತೋಟದ ಕೆಳಗಿನ ತುಂಡು ಜವುಳು ಹಿಡಿಯಿತು, ಬೆಳೆ ಬರಲಿಲ್ಲ. ಬೆಳೆಯ ಬದಲು ಹಕ್ಕಿಗಳು ಬಂದವು. ಬೇರೆಯವರಾಗಿದ್ದರೆ ಶಾಪ ಹಾಕುತ್ತಿದ್ದರು. ಇವನು ಮಿರಜಿಗೆ ಹೋಗಿ ಒಂದು ದುರ್ಬೀನು ತಂದ. ಹದಿನೆಂಟು ವರ್ಷ ಆ ನೀರಿನ ಮುಂದೆ ಕೂತು ಯಾವ ಹಕ್ಕಿ ಯಾವಾಗ ಬಂತು, ಯಾವಾಗ ಹೋಯಿತು ಎಂದು ಬರೆದಿಟ್ಟ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು.

"ಕಬ್ಬ ಬೆಳೆದಾವಗ ಶುಗರ್ ಬರಲಾರದ ಇನ್ನೇನ ಬರತೈತಿ ಬಿಡ" ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ವರ್ಷ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಸೂಜಿ ಹಾಕಿಸುತ್ತಿದ್ದೆವು. ದೀಪಾವಳಿಯವರೆಗೆ ಇದ್ದರೆ ಇದ್ದೀತು ಎಂದು ಮಿರಜಿನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದ್ದರು. ಹೊರಗೆ ಬಂದಾಗ ಅವನು ನನ್ನ ಮುಖ ನೋಡಲಿಲ್ಲ. "ದೀಪಾವಳಿ ಅಂದ್ರಿಲ್ಲೋ?" ಎಂದು ತಾನೇ ಕೇಳಿದ.

ಸಮುದ್ರವನ್ನು ಅವನು ಒಮ್ಮೆಯೂ ಕಂಡವನಲ್ಲ. ಕಣ್ಣಿರುವಾಗ ಒಂದು ಕಡಲ ಹಕ್ಕಿ ಹಾರುವುದನ್ನು ನೋಡಬೇಕು, ಅಷ್ಟೇ ಅವನ ಆಸೆ. ಮಳೆ ನಿಲ್ಲಲಿ, ಅಕ್ಟೋಬರಿನಲ್ಲಿ ಕಾರವಾರಕ್ಕೆ ಕರೆದೊಯ್ಯುತ್ತೇನೆ ಎಂದಿದ್ದೆ. ಎಲ್ಲದಕ್ಕೂ ಒಂದು ಕ್ರಮ ಬೇಕೆನ್ನುವವಳು ನಾನು. ಮಳೆಯಲ್ಲಿ ಪ್ರಯಾಣ ಬೇಡ ಎಂದು ತೀರ್ಮಾನಿಸಿದವಳೂ ನಾನೇ.

ಆ ಜುಲೈಯಲ್ಲಿ ಮೂರು ದಿನ ಪಡುವಣ ಗಾಳಿ ಹುಚ್ಚೆದ್ದು ಬೀಸಿತ್ತು. ಸಾವಳಗಿ ಕಡೆ ತಗಡು ಹಾರಿ ಹೋದವೆಂದು ಸುದ್ದಿ. ಕಬ್ಬು ಒಂದೇ ದಿಕ್ಕಿಗೆ ಮಲಗಿತ್ತು. ಸೂಜಿ ಹಾಕಿಸಿಕೊಂಡ ನೇಮಣ್ಣ ಜಮಖಂಡಿಯಲ್ಲಿ ನನ್ನ ಮನೆಯಲ್ಲಿದ್ದ. ಅವನ ಹೆಂಡತಿ ಸುಮತಿ ತೇರದಾಳದ ತವರಿಗೆ ಹೋಗಿದ್ದಳು. ಅಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಆಹಾರದ ಸೇವೆ ಅವಳದು. ಮಂಗಳವಾರ ಒಂಬತ್ತಕ್ಕೆ ಯಮನಪ್ಪನ ಫೋನು ಬಂತು. ಅವನ ಗಂಟಲು ಎಷ್ಟು ದೊಡ್ಡದೆಂದರೆ ನಾನು ಅಡುಗೆ ಮನೆಯಲ್ಲಿದ್ದರೂ ಕೇಳಿತು.

"ನೇಮಣ್ಣಾರ, ಹೊಸಾ ಹಕ್ಕಿ ಬಂದೈತ್ರಿ! ಬೆನ್ನ ಕರೇದ, ಹೊಟ್ಟಿ ಬೆಳ್ಳಗ, ಬಾಲ ಕತ್ತರಿ ಹಂಗ ಸೀಳೇತಿ. ನಮ್ಮ ನೀರಿಂದಲ್ಲರಿ ಇದು. ಲಗೂನ ಬರ್ರಿ!"

ನೇಮಣ್ಣ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಬಿಟ್ಟ. ಅವನ ಕಣ್ಣಿಗೆ ಎರಡು ಬಾಟಲಿಯ ಔಷಧಿ; ಒಂದಕ್ಕೂ ಇನ್ನೊಂದಕ್ಕೂ ಐದು ನಿಮಿಷ ಅಂತರ ಬೇಕು. ಎರಡೂ ಹಾಕಿದ ಮೇಲೆಯೇ ನಾನು ಸ್ಕೂಟಿ ತೆಗೆದದ್ದು.

"ಅಕ್ಕಾ, ಜರಾ ಜೋರ ಹೊಡಿ."

"ಮೂವತ್ತರ ಮ್ಯಾಲ ಹೋಗೂದಿಲ್ಲ ನಾ."

"ನೀ ಹೋಗಿ ಮುಟ್ಟೂದರಾಗ ಆ ಹಕ್ಕಿ ರಿಟೈರ್ ಆಗಿ ಪೆನ್ಶನ್ ತಗೋತೈತಿ."

ಆ ದಿನ ನಲವತ್ತೈದಕ್ಕೆ ಹೋದೆ. ಕೆಸರು ಸೀರೆಯ ಅಂಚಿಗೆಲ್ಲ ಹಾರಿತು. ಅವನು ಹಿಂದೆ ಕೂತು ದುರ್ಬೀನನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದ; ಬೀಳದ ಹಾಗೆ ನನ್ನನ್ನು ಹಿಡಿದುಕೊಳ್ಳಲು ಅವನಿಗೆ ಕೈ ಉಳಿದಿರಲಿಲ್ಲ.

ದಂಡೆಯ ಮೇಲೆ ಯಮನಪ್ಪ ಟವೆಲ್ಲು ಬೀಸುತ್ತ ನಿಂತಿದ್ದ. ಹಕ್ಕಿ ನನಗೆ ತಕ್ಷಣ ಕಂಡಿತು. ನೀರಿನ ಮೇಲೆ ಎರಡಾಳು ಎತ್ತರದಲ್ಲಿ, ಗಾಳಿಗೆ ಎದುರಾಗಿ ಹೋಗಿ, ಒಂದು ರೆಕ್ಕೆ ಕೆಳಗೆ ಮಾಡಿ ತಿರುಗಿ, ಮತ್ತೆ ಬರುತ್ತಿತ್ತು. ಉದ್ದ, ಕಿರಿದಾದ ರೆಕ್ಕೆ. ಮೇಲೆ ಮಸಿ, ಕೆಳಗೆ ಸುಣ್ಣ. ಹಕ್ಕಿಗಳ ವಿಷಯದಲ್ಲಿ ಏನೂ ತಿಳಿಯದ ನಾನೂ ಬಾಯಿ ಬಿಟ್ಟುಕೊಂಡು ನಿಂತೆ.

"ಎಲ್ಲಿ?" ಎಂದ ನೇಮಣ್ಣ.

"ಆ ಮುಳುಗಿದ ಜಾಲಿ ಗಿಡದ ಬಲಕ್ಕ ನೋಡ."

"ಗಿಡ ಸಿಕ್ಕಿತು. ಹಕ್ಕಿ?"

"ಈಗ ಎಡಕ್ಕ ಹೊಳ್ಳಿತು. ಮ್ಯಾಲ. ಇಲ್ಲ, ಕೆಳಗ."

ದುರ್ಬೀನು ನನ್ನ ಮಾತಿನ ಹಿಂದೆ ಹಿಂದೆ ಓಡಾಡಿತು. ಹಕ್ಕಿ ಯಾವಾಗಲೂ ಒಂದು ಮಾರು ಮುಂದಿರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು "ಹಾಂ, ಹಾಂ, ಭಾಳ ಛಲೋ ಐತಿ" ಎಂದ. ಆಗ ಅವನ ಮುಖ ಪೂರ್ತಿ ಬೇರೆ ಕಡೆಗಿತ್ತು. ನೋವಿಲ್ಲ ಸಿಸ್ಟರ್ ಎಂದು ಹಲ್ಲು ಕಚ್ಚಿ ಹೇಳುವ ರೋಗಿಗಳನ್ನು ನಾನು ಬಹಳ ನೋಡಿದ್ದೇನೆ. ಯಮನಪ್ಪನಿಗೂ ತಿಳಿಯಿತು.

"ಸುಸ್ತಾಗೇತ್ರಿ ಅದು" ಎಂದ ಅವನು. "ಸಂಜಿಕ ಕೆಳಗ ಇಳೀತೈತಿ. ಕೈಯಾಗ ಹಿಡದ ತಂದ ತೋರಸ್ತೀನಿ, ಮನ್ಯಾಗ ಕುಂಡ್ರಿ ನೇಮಣ್ಣಾರ."

ಹೇಳಿದಂತೆ ನಾಲ್ಕು ಗಂಟೆಗೆ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತೋಟದ ಮನೆಗೆ ತಂದ. ಬಲೆಯ ಗೂಟದ ಮೇಲೆ ಕೂತಿತ್ತಂತೆ, ಕೈ ಹಾಕಿದರೂ ಏಳಲಿಲ್ಲವಂತೆ. ನೇಮಣ್ಣ ಅದನ್ನು ಎಡಗಣ್ಣಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಹಿಡಿದು ನೋಡಿದ. ಹಣೆಯ ಬಿಳಿ, ಕೊಕ್ಕಿನಿಂದ ಕಣ್ಣಿಗೆ ಎಳೆದ ಕರೀ ಗೆರೆ, ಒಂದೊಂದೇ ಗರಿ.

"ಎರಡ ದಿನ ಜ್ವಾಪಾನ ಮಾಡೂಣ ಅಕ್ಕಾ. ತಾಕತ್ತ ಬಂದ ಮ್ಯಾಲ ನಮ್ಮ ಅಂಗಳದಾಗಿಂದನ ಬಿಡೂಣ. ತಲಿ ಮ್ಯಾಲಿಂದ ಹಾರಿದರ ನನಗೂ ಕಾಣತೈತಿ."

ಧಾರವಾಡದಲ್ಲಿ ಅವನ ಪರಿಚಯದ ಒಬ್ಬ ಮಾಸ್ತರರಿದ್ದರು, ಹಕ್ಕಿ ಬಲ್ಲವರು. ಅವರಿಗೆ ಫೋಟೊ ಕಳಿಸಿದೆವು. ರೀವ ಎಂಬ ಜಾತಿಯ ಕಡಲ ಹಕ್ಕಿ, ಬಿರುಗಾಳಿಗೆ ಸಿಕ್ಕು ಬಂದದ್ದು ಎಂದರು. ಮರಿ ಮಾಡುವ ಹೊತ್ತು ಬಿಟ್ಟರೆ ವರ್ಷಗಟ್ಟಲೆ ನೆಲಕ್ಕಿಳಿಯದೆ ಹಾರಿಯೇ ಇರುತ್ತದಂತೆ. ಕೊನೆಗೆ ಹೇಳಿದರು: ಸಣ್ಣ ಮೀನು ಕೊಡಿ, ತಲೆ ಮುಂದಾಗಿ ಕೊಡಿ, ಬೇರೇನೂ ಹಿಡಿಸುವುದಿಲ್ಲ. ಫೋನು ನನ್ನ ಕೈಯಲ್ಲಿತ್ತು. ಕೇಳಿಸಿಕೊಂಡವಳು ನಾನು.

ಹಕ್ಕಿಗಾಗಿ ಇಬ್ಬರೂ ತೋಟದ ಮನೆಯಲ್ಲೇ ಉಳಿದೆವು. ಆಸ್ಪತ್ರೆಯಲ್ಲಿ ಮಾಡುವಂತೆಯೇ ಮಾಡಿದೆ. ಮೂಲೆಯಲ್ಲಿ ರಟ್ಟಿನ ಡಬ್ಬಿ, ಒಳಗೆ ಹಳೆಯ ಇಳಕಲ್ಲ ಸೀರೆಯ ತುಂಡು. ಹಾಳೆಗೆ ಗೆರೆ ಎಳೆದು ಎರಡು ಗಂಟೆಗೊಮ್ಮೆ ಏನು ಕೊಟ್ಟೆ, ಏನು ಒಳಗೆ ಹೋಯಿತು ಎಂದು ಬರೆದೆ. ಓಆರ್‌ಎಸ್ ಪುಡಿ ಕಲಸಿದ ನೀರು, ಹನಿ ಹಾಕುವ ಡ್ರಾಪರಿನಿಂದ. ನೆನೆಸಿದ ಹೆಸರು ಬೇಳೆ. ಹಾಲಿನಲ್ಲಿ ಮಿದ್ದ ರೊಟ್ಟಿ. ಬೆಂದ ನುಚ್ಚು. ನೀರು ಇಳಿಯುತ್ತಿತ್ತು. ಉಳಿದದ್ದನ್ನೆಲ್ಲ ತಲೆ ಕೊಡವಿ ಗೋಡೆಗೆ ಚಿಮ್ಮುತ್ತಿತ್ತು. ಗೋಡೆ ಒರೆಸಿ ಮತ್ತೆ ಕಲಸಿದೆ. ಹಟಮಾರಿ ಮಕ್ಕಳಿಗೆ ಉಣಿಸಿದ ಕೈ ಇದು, ಇದಕ್ಕೂ ಉಣಿಸೀತು ಎಂಬ ನಂಬಿಕೆ.

ಬುಧವಾರ ಬೆಳಿಗ್ಗೆ ಯಮನಪ್ಪ ಗೇಟಿನ ಹೊರಗೆ ನಿಂತು ಕೂಗಿದ. ಕೈಯಲ್ಲಿ ಎಣ್ಣೆಯ ಡಬ್ಬಿ. ಒಳಗೆ ನೀರಲ್ಲಿ ಬೆರಳುದ್ದದ ಮೀನು, ಹತ್ತಿಪ್ಪತ್ತು ಇದ್ದಾವು, ಜೀವಂತ.

"ಅಕ್ಕಾರ, ಇದು ಕಾಳ ತಿನ್ನೂ ಪೈಕಿ ಅಲ್ಲರಿ. ಇದನ್ನ ಹಾಕ್ರಿ, ನಾಳೆ ಹ್ಯಾಂಗ ಎದ್ದ ಕುಂಡರತೈತಿ ನೋಡ್ರಿ."

"ಗೇಟಿನ ಒಳಗ ತರಬ್ಯಾಡೋ ಯಮನಪ್ಪ. ಚಾತುರ್ಮಾಸ ಐತಿ."

"ಹಂಗಾದರ ನನ್ನ ಕಡೆ ಕೊಡ್ರಿ. ಗುಡಸಲದಾಗ ಇಟಗೊಂಡ ಹಾಕ್ತೀನಿ. ನಿಮಗ್ಯಾಕ ಮೈಲಿಗಿ?"

ಸುಲಭವಾದ ದಾರಿ ಅದು. ಒಪ್ಪಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಮನಸ್ಸಿನಲ್ಲಿ ಬಂದದ್ದು ಬೇರೆ. ಮೀನು ಕೊಲ್ಲುವ ಕೈ, ಹಕ್ಕಿಯನ್ನು ಬಿಟ್ಟೀತೆ? ಬಾಯಲ್ಲಿ ಹಾಗನ್ನಲಿಲ್ಲ.

"ನಿಮ್ಮಲ್ಲೆ ಬೆಕ್ಕ ಭಾಳ ಅದಾವ" ಎಂದೆ.

ಯಮನಪ್ಪ ನನ್ನನ್ನೇ ನೋಡಿದ. "ಬೆಕ್ಕ ಯಾವೂ ಇಲ್ರಿ ಅಕ್ಕಾರ. ನಾ ತಿಂತೀನಿ ಅಂತ ತಿಳದೀರಿ ನೀವು." ಸಿಟ್ಟಿರಲಿಲ್ಲ. ನಕ್ಕ ಕೂಡ. "ತಿನ್ನಾಕ ಅದರ ಮೈಯಾಗ ಏನೈತ್ರಿ? ತಿನ್ನೂದಿದ್ದರ ನಿಮಗ್ಯಾಕ ಫೋನ್ ಮಾಡತಿದ್ದೆ?"

ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ದಂಡೆಯ ಕಡೆ ಇಳಿದು ಹೋದ. ನಾನು ಒಳಗೆ ಬಂದು ಹತ್ತು ಗಂಟೆಯ ಹೆಸರು ಬೇಳೆ ಕೊಟ್ಟೆ.

ಗುರುವಾರ ಹಕ್ಕಿ ನಿಲ್ಲುವುದನ್ನು ಬಿಟ್ಟಿತು. ಎದೆಯ ಎಲುಬು ಬೆರಳಿಗೆ ಚುಚ್ಚುತ್ತಿತ್ತು. ನೇಮಣ್ಣ ಡಬ್ಬಿಯ ಪಕ್ಕ ನೆಲದ ಮೇಲೆ ಕೂತಿದ್ದ. ಹಿಂದಿನ ದಿನದ ಗೇಟಿನ ಮಾತು ಅವನಿಗೆ ಕೇಳಿಸಿತ್ತು.

"ಅಕ್ಕಾ, ಟಿಬಿ ಪೇಶಂಟಿಗೆ ನೀ ದಿನಾ ತತ್ತಿ ಹಂಚತಿದ್ದೆಲ್ಲ."

"ಅದು ಸರಕಾರದ ಅಡಗಿ ಮನಿ."

"ಪೇಶಂಟ್ ಎಲ್ಲಾ ಕಡೆ ಪೇಶಂಟನ ಅಲ್ಲೇನು?"

"ಇದೊಂದ ಜೀವ ಉಳಸಾಕ ದಿನಕ್ಕ ಹತ್ತ ಜೀವ ತಗಿ ಅಂತೀಯೇನ? ಹೇಳ ನೀನ. ನೀ ಹ್ಞೂಂ ಅಂದರ ತರಸ್ತೀನಿ."

ನಾನು ಕೇಳಿದ್ದು ಸುಳ್ಳಲ್ಲ. ಆದರೆ ಅವನ ಮೇಲೆ ಹಾಕಿದ್ದು ತಪ್ಪು. ಅವನೂ ಅದೇ ಮನೆಯಲ್ಲಿ ಬೆಳೆದವನು. ಚಿಕ್ಕಂದಿನಲ್ಲಿ ಇರುವೆ ಸಾಲಿನ ಮೇಲೆ ಕಾಲಿಟ್ಟರೆ ಇಬ್ಬರೂ ಒಟ್ಟಿಗೆ ಅತ್ತವರು. ಹ್ಞೂಂ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕಣ್ಣು ಹೋಗುತ್ತಿರುವ ಮನುಷ್ಯ ತನ್ನ ಆಸೆಗಾಗಿ ಜೀವ ತೆಗೆಸಿದ ಎಂದಾಗಬಾರದಲ್ಲ. ಡಬ್ಬಿಯೊಳಗೆ ಕೈ ಇಳಿಸಿ ಹಕ್ಕಿಯ ಬೆನ್ನ ಮೇಲೆ ಇಟ್ಟುಕೊಂಡ, ಅಷ್ಟೆ. ನಾನು ಅದನ್ನು ಒಪ್ಪಿಗೆ ಎಂದು ಎಣಿಸಿ ನುಚ್ಚು ಕಾಯಿಸಲು ಎದ್ದೆ.

ಶುಕ್ರವಾರ ಬೆಳಿಗ್ಗೆ ಹತ್ತಿರದ ಹಳ್ಳಿಯ ಬಸದಿಯ ದಾರಿಯಲ್ಲಿ ಅರ್ಧಕ್ಕೆ ನಿಂತೆ. ಏಕೆ ಎಂದು ಕೇಳಿದರೆ ಹೇಳಲಾರೆ. ವಾರ್ಡಿನಲ್ಲಿ ಒಬ್ಬ ರೋಗಿ ಹೋಗುತ್ತಾನೆ ಎಂದು ಹಾಳೆ ನೋಡದೆಯೇ ತಿಳಿಯುವ ಒಂದು ಹೊತ್ತು ಇರುತ್ತದೆ, ಅಂಥದ್ದು. ಮನೆಗೆ ತಿರುಗಿ ಬಂದು ಹಾಳೆ ತೆಗೆದು ನೋಡಿದೆ. ಮೂರು ದಿನದ ಮೂವತ್ತಕ್ಕೂ ಹೆಚ್ಚು ಚೌಕಗಳಲ್ಲಿ 'ಒಳಗೆ ಹೋದದ್ದು' ಎಂಬಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಇಂಥ ಹಾಳೆಯನ್ನು ಒಬ್ಬ ಕಿರಿಯ ನರ್ಸು ನನ್ನ ಮುಂದೆ ತಂದಿದ್ದರೆ ಕೆಲಸದಿಂದ ತೆಗೆಸುತ್ತಿದ್ದೆ.

ಯಮನಪ್ಪನಿಗೆ ನಾನೇ ಫೋನು ಮಾಡಿದೆ. ಹೊಳೆಯಲ್ಲಿ ನೀರು ಏರಿ ಅವನು ಆಚೆ ದಂಡೆಯಲ್ಲಿ ಸಿಕ್ಕಿಕೊಂಡಿದ್ದ. ಎತ್ತಲಿಲ್ಲ, ಎತ್ತಲಿಲ್ಲ, ಮಧ್ಯಾಹ್ನ ಎರಡಕ್ಕೆ ಎತ್ತಿದ.

"ಮೀನ ತಗೊಂಡ ಬಾ ಯಮನಪ್ಪ."

"ಗೇಟಿನ ಹೊರಗ ನಿಲ್ಲಲೇನ್ರಿ?"

"ಒಳಗ ಬಾ."

ಬಂದಾಗ ಮೂರೂ ಮುಕ್ಕಾಲು. ಒದ್ದೆ ಕಾಲಲ್ಲಿ ನಮ್ಮ ಪಡಸಾಲೆಯಲ್ಲಿ ಕೂತ. ಡಬ್ಬಿಯಿಂದ ಒಂದು ಮೀನು ತೆಗೆದ. ನಾನು ಮುಖ ತಿರುಗಿಸಬಾರದೆಂದು ನಿಶ್ಚಯಿಸಿದ್ದೆ, ತಿರುಗಿಸಲಿಲ್ಲ. ಹಕ್ಕಿಯ ತಲೆ ಹಿಡಿದವಳು ನಾನು, ಕೊಕ್ಕು ಬಿಡಿಸಿದವನು ಯಮನಪ್ಪ. ಮೀನು ಕಂಡು ಅದರ ಕಣ್ಣು ಒಮ್ಮೆ ಅಗಲವಾಯಿತು. ಗಂಟಲು ಎರಡು ಸಲ ಏರಿ ಇಳಿಯಿತು. ನುಂಗಲು ಆಗಲಿಲ್ಲ. ಮೀನು ಜಾರಿ ನನ್ನ ಅಂಗೈಗೆ ಬಿತ್ತು, ಆ ಹೊತ್ತಿಗೆ ಅದು ಸತ್ತಿತ್ತು. ಇನ್ನೊಂದು ಸಣ್ಣದನ್ನು ಹುಡುಕುತ್ತಿದ್ದ ಯಮನಪ್ಪ ಕೈ ನಿಲ್ಲಿಸಿದ.

"ಹೋತ್ರಿ ಅಕ್ಕಾರ."

ನಾಲ್ಕು ಗಂಟೆ ಐದು ನಿಮಿಷ. ಮೀನೂ ಉಳಿಯಲಿಲ್ಲ, ಹಕ್ಕಿಯೂ ಉಳಿಯಲಿಲ್ಲ.

ನೇಮಣ್ಣ ಅಳಲಿಲ್ಲ, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಎಡಗಣ್ಣೂ ಹೋಯಿತು. ಈಗ ಬಿಸಿಲು ಯಾವ ಕಡೆ ಇದೆ ಎಂದಷ್ಟೇ ತಿಳಿಯುತ್ತದೆ. ಕಾರವಾರಕ್ಕೆ ಹೋಗಲಿಲ್ಲ. ಈ ಮೂರು ವರ್ಷದಲ್ಲಿ ಆ ಹಕ್ಕಿಯ ಮಾತನ್ನು ಅವನು ಎತ್ತಿಲ್ಲ. ನಾನೂ ಎತ್ತಿಲ್ಲ. ಯಮನಪ್ಪ ಮಾತ್ರ ಬಂದಾಗ ಈಗಲೂ ಗೇಟಿನ ಹೊರಗೆ ನಿಂತು ಕೇಳುತ್ತಾನೆ, ಒಳಗೆ ಬರಲೇನ್ರಿ ಎಂದು. ಅಣಕವೋ, ಮರ್ಯಾದೆಯೋ, ನನಗೆ ತಿಳಿಯದು. ಬಾ ಎನ್ನುತ್ತೇನೆ.

ಆ ಶುಕ್ರವಾರ ಸಂಜೆ ಐದಕ್ಕೆ ಮೂವರೂ ದಂಡೆಗೆ ಇಳಿದೆವು. ಮಳೆ ಸ್ವಲ್ಪ ಬಿಟ್ಟಿತ್ತು, ಪಡುವಣ ಗಾಳಿ ಇನ್ನೂ ಇತ್ತು. ಯಮನಪ್ಪ ತೆಪ್ಪ ಬಿಚ್ಚುತ್ತಿದ್ದ. ಹಕ್ಕಿಯನ್ನು ನಡು ನೀರಿಗೆ ಬಿಡುವುದೆಂದು ಮಾತಾಗಿತ್ತು. ನೇಮಣ್ಣ ಒಡ್ಡಿನ ಕೆಳಗೆ ಕಲ್ಲಿನ ಮೇಲೆ ಕೂತ.

"ಅಕ್ಕಾ, ಒಂದ ಮಾತ. ಅದರ ರೆಕ್ಕಿ ಬಿಚ್ಚಿ ಹಿಡಿತೀಯೇನ? ಮ್ಯಾಲ, ಆಕಾಶದ ಕಡೆ."

ಒಡ್ಡಿನ ಮೇಲೆ ಹತ್ತಿದೆ. ರೆಕ್ಕೆ ಇನ್ನೂ ಬಿಗಿದುಕೊಂಡಿರಲಿಲ್ಲ. ಬಿಡಿಸಿದರೆ ನನ್ನ ಎದೆಯಗಲಕ್ಕಿಂತ ದೊಡ್ಡದು. ಎರಡೂ ಕೈ ತಲೆಯ ಮೇಲೆತ್ತಿ ಹಿಡಿದೆ. ಗಾಳಿ ಒಳಗೆ ಸೇರಿದ್ದೇ ತಡ, ಆ ಸತ್ತ ರೆಕ್ಕೆಗಳು ಭಾರ ಕಳೆದುಕೊಂಡು ತಾವಾಗಿ ಮೇಲೆದ್ದವು. ನಾನು ಹಿಡಿದಿಲ್ಲ, ಅವೇ ನನ್ನನ್ನು ಎಳೆಯುತ್ತಿವೆ ಎನಿಸಿತು.

"ನಡಿ ಅಕ್ಕಾ, ಸ್ವಲ್ಪ ಜೋರ ನಡಿ."

ಅರವತ್ತೆಂಟು ವರ್ಷದವಳು, ಸೀರೆ ಎತ್ತಿ ಕಟ್ಟಿ, ಒಡ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಿದೆ. ಮಂಗಳವಾರ ಕಂಡದ್ದನ್ನು ನೆನಪಿಟ್ಟುಕೊಂಡು, ಕೊನೆಗೆ ಬಂದಾಗ ಒಂದು ರೆಕ್ಕೆ ಕೆಳಗೆ ಮಾಡಿ ತಿರುಗಿಸಿದೆ. ಮತ್ತೆ ಓಡಿದೆ. ದೂರದ ಹೊಲದಲ್ಲಿ ಇಬ್ಬರು ಕೆಲಸ ನಿಲ್ಲಿಸಿ ನೋಡಿದರು. ನೋಡಲಿ.

"ಇನ್ನ ಜರಾ ಮ್ಯಾಲ" ಎಂದ. ಕತ್ತೆತ್ತಿ, ಬಾಯಿ ತುಸು ತೆರೆದು ಕೂತಿದ್ದ.

"ಕಂಡಿತೇನೋ ತಮ್ಮಾ?"

"ಕಾಣಾಕತ್ತೇತಿ. ನಿಲ್ಲಬ್ಯಾಡ."

ಈ ಸಲ ಅವನ ಮುಖ ಹಕ್ಕಿಯ ಕಡೆಗೇ ಇತ್ತು. ಉಸಿರು ಹತ್ತುವವರೆಗೆ ನಿಲ್ಲಲಿಲ್ಲ. ನಾಲ್ಕು ಸಲವೋ ಐದು ಸಲವೋ, ಎಣಿಸಲಿಲ್ಲ. ಎಣಿಸದೆ ನಾನು ಮಾಡಿದ ಕೆಲಸ ಅದೊಂದೇ. ಆಮೇಲೆ ರೆಕ್ಕೆ ಮಡಚಿ ಯಮನಪ್ಪನ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ಇಸಿದುಕೊಂಡ.

"ಇದು ಪಡವಣ ಕಡಲಿಂದ ಬಂದದ್ದು ಯಮನಪ್ಪ" ಎಂದ ನೇಮಣ್ಣ. "ನಮ್ಮ ಹೊಳಿ ಮೂಡಣಕ ಹೋಗತೈತಿ."

"ಹೋಗಲಿ ಬಿಡ್ರಿ. ಅಲ್ಲೂ ಕಡಲ ಐತೆಂತ ಹೇಳತಾರ."

ತೆಪ್ಪ ಹೋಗಿ ಬರುವವರೆಗೆ ನಿಂತಿದ್ದೆವು. ಹಕ್ಕಿಯ ಜೊತೆಗೇ ಡಬ್ಬಿಯಲ್ಲಿ ಉಳಿದ ಮೀನುಗಳನ್ನೂ ಅವನು ನೀರಿಗೆ ಬಿಟ್ಟ. ನಾನು ಕೇಳಿರಲಿಲ್ಲ.

ಮನೆಗೆ ಬಂದಾಗ ಹೊತ್ತು ಮುಳುಗಲು ಅರ್ಧ ಗಂಟೆ ಇತ್ತು. ಪಡಸಾಲೆ ತೊಳೆದೆ. ನೇಮಣ್ಣನಿಗೆ ಎರಡು ರೊಟ್ಟಿ, ಬೇಳೆಯ ಪಲ್ಯ ಬಡಿಸಿದೆ, ಪೂರ್ತಿ ಉಂಡ. ನಾನು ಉಣ್ಣಲಿಲ್ಲ. ಅವನ ಕಣ್ಣಿಗೆ ಮೊದಲನೆಯ ಬಾಟಲಿಯ ಹನಿ ಹಾಕಿ, ಗಡಿಯಾರ ನೋಡುತ್ತ ಐದು ನಿಮಿಷ ಪಕ್ಕದಲ್ಲಿ ಕೂತೆ. ಆಮೇಲೆ ಎರಡನೆಯದನ್ನು ಹಾಕಿ, ಕೆನ್ನೆಗೆ ಇಳಿದದ್ದನ್ನು ಒರೆಸಿದೆ.